ಸಿನಿಮಾ ಆಧರಿಸಿದ ವಿಡಿಯೋ ಗೇಮ್‌ಗಳು ಸೋಲುವುದು ಸಮಯ ಸಾಲದೆಯೇ?

ಬಿಡುಗಡೆಗೆ ಎಂಟು ತಿಂಗಳಿರುವ ಕನ್ನಡ ಚಿತ್ರವೊಂದಕ್ಕೆ ಮೊಬೈಲ್ ಗೇಮ್ ಮಾಡಿಕೊಡುವ ಅವಕಾಶ ಬಂದಿದೆ, ಇಂತಹ ಗೇಮ್‌ಗಳು ಸೋಲುವುದು ಅವಸರದಿಂದ ತಾನೆ, ಎಂಟು ತಿಂಗಳು ಸಾಕೇ ಎಂದು ಕೇಳಿದ್ದೀರಿ. ಇದೇ ಲೆಕ್ಕವನ್ನು ನಾವೂ ಹಾಕಿದ್ದೆವು, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ ಕುಳಿತು. ಸಮಯ ನಮಗೆ ಬೇಕಾದಷ್ಟಿತ್ತು, ಗೇಮ್ ಒಪ್ಪಿದ ದಿನಕ್ಕೆ ಸಿದ್ಧವೂ ಆಯಿತು. ಆದರೂ ಡೌನ್‌ಲೋಡ್ ಮಾಡಿಕೊಂಡವರಲ್ಲಿ ಹೆಚ್ಚಿನವರು ಮರುದಿನ ಅದನ್ನು ತೆರೆದು ನೋಡಲಿಲ್ಲ.

ನಾವು ಒಂದೇ ಇಂಜಿನಿಯರಿಂಗ್ ಕಾಲೇಜಿನ ಗೆಳೆಯರು. ಚಿತ್ರ ಬಿಡಿಸುವ ಕೆಲಸಕ್ಕೆ ತೀರ್ಥಹಳ್ಳಿಯ ಹುಡುಗನೊಬ್ಬ ಜೊತೆಗಿದ್ದ. ಸಿನಿಮಾ ಒಬ್ಬ ದೊಡ್ಡ ನಟನದು, ಅದರ ಮುಖ್ಯ ಸಾಹಸ ದೃಶ್ಯ ಆಗುಂಬೆ ಘಾಟಿಯಲ್ಲಿ ನಡೆಯುವ ಜೀಪಿನ ಬೆನ್ನಟ್ಟುವಿಕೆ. ಘಾಟಿಯ ಹದಿನಾಲ್ಕು ತಿರುವುಗಳನ್ನು ಮಳೆ, ಮಂಜು, ಪಾಚಿ ಕಟ್ಟಿದ ತಡೆಗೋಡೆಗಳ ಸಮೇತ ಪರದೆಗೆ ತಂದೆವು, ಮತ್ತು ಆ ರಸ್ತೆಯ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಗೇಮ್ ಅರ್ಧಕ್ಕೆ ಬಂದಾಗ ನಟನ ಕಡೆಯವರಿಂದ ಒಂದು ಷರತ್ತು ಬಂತು: ನಾಯಕ ಸಾಯಬಾರದು, ಬೀಳಬಾರದು, ಹೊಡೆತ ತಿಂದು ನೆಲ ಕಚ್ಚುವುದು ಕಾಣಬಾರದು. ಒಪ್ಪಿಕೊಂಡೆವು.

ಆ ಒಪ್ಪಿಗೆಯಿಂದ ಏನೇನಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಗೇಮ್ ಕೆಟ್ಟದ್ದು ಅಲ್ಲಿಯೇ. ಮೊದಲು ಜೀಪು ಕಣಿವೆಗೆ ಉರುಳುವುದನ್ನು ತೆಗೆದು, ರಸ್ತೆಯ ಅಂಚಿಗೆ ಕಣ್ಣಿಗೆ ಕಾಣದ ಗೋಡೆಯೊಂದನ್ನು ಕಟ್ಟಿದೆವು. ಜೀಪು ಅದಕ್ಕೆ ತಾಗಿ ಮತ್ತೆ ರಸ್ತೆಗೆ ಬರುತ್ತಿತ್ತು. ಆಮೇಲೆ ನಾಯಕನ ಪ್ರಾಣ ಎಷ್ಟು ಉಳಿದಿದೆಯೆಂದು ಪರದೆಯಲ್ಲಿ ತೋರಿಸುವ ಪಟ್ಟಿಯನ್ನು ಅಳಿಸಿದೆವು. ಗುಂಡು ತಗುಲಿದರೆ ಅಂಗಿಯಿಂದ ಧೂಳು ಏಳುತ್ತಿತ್ತು, ಖಳನ ಏಟಿಗೆ ನಾಯಕ ಒಂದು ಹೆಜ್ಜೆ ಹಿಂದೆ ಸರಿದು ಮೀಸೆ ತಿರುವುತ್ತಿದ್ದ. ಒಂದೊಂದೂ ಸಣ್ಣ ಬದಲಾವಣೆ, ಒಂದೊಂದಕ್ಕೂ ನಮ್ಮ ಬಳಿ ಸಮಜಾಯಿಷಿ ಇತ್ತು. ಪರೀಕ್ಷೆಗೆಂದು ಕರೆದಿದ್ದ ಪಕ್ಕದ ಬೀದಿಯ ಹುಡುಗನೊಬ್ಬ ಆಟದ ಮಧ್ಯೆ ಫೋನನ್ನು ಮೇಜಿನ ಮೇಲಿಟ್ಟು ಚಹಾ ಕುಡಿಯತೊಡಗಿದ. ಜೀಪು ಗೋಡೆಯಿಂದ ಗೋಡೆಗೆ ತಾಗುತ್ತಾ, ಯಾರ ಕೈಯ ಸಹಾಯವೂ ಇಲ್ಲದೆ, ಹದಿನಾಲ್ಕೂ ತಿರುವುಗಳನ್ನಿಳಿದು ಘಾಟಿಯ ಬುಡದ ಸೋಮೇಶ್ವರ ತಲುಪಿತು. ‘ಗೆದ್ದೆನಲ್ಲ, ಇನ್ನೇನು?’ ಎಂದು ಅವನು ಕೇಳಿದ.

ಷರತ್ತು ಅನ್ಯಾಯದ್ದೆಂದು ನಾನು ಹೇಳುವುದಿಲ್ಲ. ಆ ನಟನಿಗೆ ಅವನ ವರ್ಚಸ್ಸೇ ಬಂಡವಾಳ. ಅವನು ಕಣಿವೆಗೆ ಬೀಳುವ ತುಣುಕು ಅಭಿಮಾನಿಗಳ ಫೋನಿಗೆ ಹೋದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಬಲ್ಲೆ. ತಪ್ಪಾದದ್ದು ಷರತ್ತನ್ನು ಒಪ್ಪಿಯೂ ಅದೇ ನಾಯಕನನ್ನು ಆಟಗಾರನ ಕೈಯಲ್ಲಿ ಉಳಿಸಿಕೊಂಡದ್ದು. ಚಿತ್ರದಲ್ಲಿ ಜೀಪು ಓಡಿಸುವ ಗೆಳೆಯನ ಪಾತ್ರವೊಂದಿತ್ತು. ಆಟವನ್ನು ಅವನಿಗೆ ಕೊಟ್ಟಿದ್ದರೆ ಅವನು ನೂರು ಸಲ ಕಣಿವೆಗೆ ಬೀಳಬಹುದಿತ್ತು, ಯಾರ ಮಾನವೂ ಹೋಗುತ್ತಿರಲಿಲ್ಲ. ನಟನ ಮುಖವಿಲ್ಲದಿದ್ದರೆ ಯಾರು ಡೌನ್‌ಲೋಡ್ ಮಾಡುತ್ತಾರೆ ಎಂಬ ಭಯದಿಂದ ನಾವು ಹಾಗೆ ಮಾಡಲಿಲ್ಲ. ಮುಖ ಡೌನ್‌ಲೋಡ್ ಮಾಡಿಸಿತು ನಿಜ, ಆಡಿಸಲಿಲ್ಲ.

ಆದ್ದರಿಂದ ಸೋಲಿಗೆ ಅವಸರವೇ ಕಾರಣವೆಂಬ ನಿಮ್ಮ ಊಹೆಯನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ ‘ಇ.ಟಿ.’ ಎಂಬ ಹಾಲಿವುಡ್ ಸಿನಿಮಾ ಆಧರಿಸಿದ 1982ರ ಗೇಮ್. ಹೋವರ್ಡ್ ಸ್ಕಾಟ್ ವಾರ್ಶಾ ಅದನ್ನು ಕ್ರಿಸ್‌ಮಸ್ ಮಾರಾಟಕ್ಕಾಗಿ ಸುಮಾರು ಐದು ವಾರಗಳಲ್ಲಿ ಅಟಾರಿ 2600 ಎಂಬ, ಮನೆಯಲ್ಲಿ ಆಡುವ ಗೇಮ್ ಯಂತ್ರಕ್ಕೆ ಬರೆದರು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳು 1983ರಲ್ಲಿ ಬೇರೆ ಸರಕಿನೊಂದಿಗೆ ನ್ಯೂ ಮೆಕ್ಸಿಕೋದ ಆಲಮೊಗೋರ್ಡೋದ ಕಸದ ಗುಂಡಿ ಸೇರಿದವು, 2014ರಲ್ಲಿ ಅಗೆದಾಗ ಸಿಕ್ಕವು. ಅಲ್ಲಿ ಅವಸರ ಕೆಲಸ ಕೆಡಿಸಿತು ಎಂಬುದರಲ್ಲಿ ಅನುಮಾನವಿಲ್ಲ. (ಆ ಗೇಮಿನ ಮೇಲಿನ ದೊಡ್ಡ ದೂರು, ನಾಯಕ ಪದೇ ಪದೇ ಗುಂಡಿಗೆ ಬೀಳುತ್ತಾನೆ ಎಂಬುದು, ನಮ್ಮವನಿಗೆ ಬೀಳಲು ಅನುಮತಿಯೇ ಇರಲಿಲ್ಲ.) ಆದರೆ 2004ರ ಜೂನ್‌ನಲ್ಲಿ, ತನ್ನ ಸಿನಿಮಾ ಬಂದ ತಿಂಗಳಲ್ಲೇ ಬಂದ, ರಿಡಿಕ್ ಎಂಬ ಹಾಲಿವುಡ್ ಸಿನಿಮಾ ನಾಯಕನ ಗೇಮನ್ನು ನೋಡಿ. ದಿನಾಂಕದ ಒತ್ತಡ ಅದಕ್ಕೂ ಇತ್ತು, ಆದರೂ ವಿಮರ್ಶಕರು ಸಿನಿಮಾಕ್ಕಿಂತ ಅದನ್ನೇ ಹೆಚ್ಚು ಮೆಚ್ಚಿದರು. ಅದು ಸಿನಿಮಾದ ಕಥೆಯನ್ನು ಮತ್ತೆ ಹೇಳಲು ಹೋಗದೆ, ಅದಕ್ಕೂ ಹಿಂದಿನ ಕಾಲಕ್ಕೆ ಸರಿದು, ಸೆರೆಮನೆಯಿಂದ ತಪ್ಪಿಸಿಕೊಳ್ಳುವ ಒಂದೇ ಕೆಲಸವನ್ನು ಆಟಗಾರನಿಗೆ ಕೊಟ್ಟಿತು.

ಗೊತ್ತಿರುವ ಕಥೆಯಾದ್ದರಿಂದ ಕುತೂಹಲ ಉಳಿಯುವುದಿಲ್ಲ ಎಂದು ನಿಮಗೆ ಇನ್ನೊಬ್ಬರು ಉತ್ತರಿಸಿರುವುದನ್ನು ಕಂಡೆ. ಮಲೆನಾಡಿನವರು ಹಾಗೆ ಹೇಳುವುದು ನನಗೆ ಆಶ್ಚರ್ಯ. ಮಳೆಗಾಲದ ತಾಳಮದ್ದಳೆಯಲ್ಲಿ ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದ ಶ್ರೋತೃ ಒಬ್ಬನೂ ಇರುವುದಿಲ್ಲ. ಆದರೂ ಜನ ಕೂರುವುದು ಈ ಸಲದ ಅರ್ಥಧಾರಿ ಶಲ್ಯನಿಗೆ ಏನು ಉತ್ತರ ಕೊಡುತ್ತಾನೆ ಎಂದು ಕೇಳಲು. ಪದ್ಯ ಭಾಗವತರದು, ಮಾತು ಅರ್ಥಧಾರಿಯದು. ನಮ್ಮ ಗೇಮಿನಲ್ಲಿ ಆಟಗಾರನಿಗೆಂದು ಅಂತಹ ಜಾಗವನ್ನೇ ಬಿಟ್ಟಿರಲಿಲ್ಲ. ಅದೇ ಜೇಮ್ಸ್ ಬಾಂಡ್‌ನ ‘ಗೋಲ್ಡನ್‌ಐ’ ಗೇಮ್ 1995ರಲ್ಲಿ ಬಂದ ಸಿನಿಮಾದ ಕಥೆಯನ್ನೇ ಬಹುಮಟ್ಟಿಗೆ ಅನುಸರಿಸಿತು, ಬಂದದ್ದು 1997ರ ಆಗಸ್ಟ್‌ನಲ್ಲಿ, ಸಿನಿಮಾದ ಸುದ್ದಿಯೆಲ್ಲ ತಣ್ಣಗಾದ ಮೇಲೆ. ಆದರೂ ಎಂಬತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರಲ್ಲಿ ಆಟಗಾರ ಎಡವಿದರೆ ಬಾಂಡ್ ಸಾಯುತ್ತಾನೆ, ಪರದೆಯ ಮೇಲೆ ರಕ್ತ ಇಳಿಯುತ್ತದೆ. ನಟನ ಮುಖ ಅದರಲ್ಲೂ ಇತ್ತು, ಆದರೆ ಬಾಂಡ್‌ನ ವರ್ಚಸ್ಸಿಗೆ ಧಕ್ಕೆಯೇನೂ ಆಗಲಿಲ್ಲ.

ಎಂಟು ತಿಂಗಳು ಸಾಕೇ ಎಂದರೆ, ಸಣ್ಣ ಮೊಬೈಲ್ ಗೇಮಿಗೆ ಸಾಕು. ನಿರ್ಮಾಪಕರ ದೃಷ್ಟಿಯಲ್ಲಿ ನಿಮ್ಮ ಗೇಮ್ ಒಂದು ಪ್ರಚಾರದ ಖರ್ಚು, ಪೋಸ್ಟರಿನಂತೆಯೇ. ಅದು ಆಡಲು ಚೆನ್ನಾಗಿರಬೇಕೆಂಬ ಚಿಂತೆ ನಿಮ್ಮದು ಮಾತ್ರ. ಹಾಗಾಗಿ ಆಟಗಾರನ ಕೈಯಲ್ಲಿರುವ ಪಾತ್ರ ಸೋಲಬಹುದು, ಸಾಯಬಹುದು ಎಂಬ ಸಾಲನ್ನು ಕರಾರಿನಲ್ಲಿ ಬರೆಸಿ. ನಾಯಕನ ವಿಷಯದಲ್ಲಿ ಅವರು ಅದನ್ನು ಒಪ್ಪದಿದ್ದರೆ ಆಟಕ್ಕೆ ಬೇರೆ ಪಾತ್ರವನ್ನು ಕೇಳಿ. ಪರವಾನಗಿಯ ಅವಧಿ ಮುಗಿದ ಮೇಲೆ ನೀವು ಬರೆದ ಕೋಡ್ ಯಾರದಾಗುತ್ತದೆ ಎಂಬುದನ್ನೂ ಓದಿಕೊಳ್ಳಿ. ಪ್ಲೇ ಸ್ಟೋರಿನಿಂದ ನಮ್ಮ ಗೇಮ್ ಇಳಿದಾಗ ಘಾಟಿಯ ರಸ್ತೆಯೂ ಅದರೊಂದಿಗೆ ಹೋಯಿತು. ಇದನ್ನೆಲ್ಲ ಮುಂಗಡ ಪಡೆಯುವ ಮೊದಲೇ ಕೇಳಬೇಕು, ಪಡೆದ ಮೇಲೆ ನಿಮ್ಮ ಮಾತಿಗೆ ಅಲ್ಲಿ ಯಾರೂ ಕಿವಿಗೊಡುವುದಿಲ್ಲ.