ಶೇ. 40 ಇಲ್ಲದಿದ್ದರೆ ಸ್ಕ್ರೈಬ್ ಸಿಗಲ್ವಾ?

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಎರಡನೇ ವರ್ಷ. ಬಲಗೈ ನಡುಗುತ್ತದೆ, ಬರೆಯಲು ಕಷ್ಟ. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇ. 30. ಶೇ. 40 ಇಲ್ಲ, ಹಾಗಾಗಿ ಸ್ಕ್ರೈಬ್ (ಪರೀಕ್ಷೆಯಲ್ಲಿ ನಾವು ಹೇಳಿದ್ದನ್ನು ಬರೆಯುವವರು) ಕೊಡಲ್ಲ ಅಂತಾರೆ ಕಾಲೇಜಿನವರು.
– ಓದುಗ, ಹಾಸನ

ಉತ್ತರ: ಆ 40ರ ಗೆರೆ ಸೀಟು ಮೀಸಲಾತಿಯಂಥದ್ದಕ್ಕೆ, ತಮ್ಮಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಸ್ಕ್ರೈಬ್ ಎರಡೂ ಇವೆ. ಶೇಕಡಾ ಲೆಕ್ಕ ಅಲ್ಲಿಲ್ಲ. 2021ರಲ್ಲಿ ವಿಕಾಸ್ ಕುಮಾರ್ ಎಂಬ ಪರೀಕ್ಷಾರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅವರಿಗೂ ಬರೆಯುವ ಕೈಯದೇ ತೊಂದರೆ.

ಸುಮ್ನೆ ಬಾಯಲ್ಲಿ ಕೇಳಬೇಡಿ. ‘ಬರೆಯಲು ಆಗುವುದಿಲ್ಲ, ಸ್ಕ್ರೈಬ್ ಬೇಕು’ ಎಂದು ಸರ್ಕಾರಿ ಆಸ್ಪತ್ರೆಯಿಂದ ಪತ್ರ ತನ್ನಿ. ಅರ್ಜಿ ಜೊತೆ ಪ್ರಿನ್ಸಿಪಾಲರಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. (ಸೀಲು ಬಿದ್ದ ಮೇಲೆ ಉತ್ತರವೂ ಬೇಗ ಬರುತ್ತದೆ!) ಇನ್ನೊಂದು ಪ್ರತಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ. ಅಷ್ಟರಲ್ಲಿ ಗೆಳೆಯರ ಜೊತೆ ಕೂತು ಲೆಕ್ಕ ಹೇಳಿ ಬರೆಸುವುದನ್ನು ರೂಢಿ ಮಾಡಿಕೊಳ್ಳಿ. ಬ್ಯಾಲೆನ್ಸ್ ಶೀಟು ಬಾಯಲ್ಲಿ ಹೇಳುವುದು ಸುಲಭವಲ್ಲ.