ಎದೆ ಮೇಲೆ ಕೂತದ್ದು ಯಾರು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕಲಬುರಗಿ ಕಡೆಯ ಹುಡುಗಿ, ವಯಸ್ಸು 22. ವಾರ ಬಿಟ್ಟು ವಾರ ರಾತ್ರಿ ಪಾಳಿಯ ಕೆಲಸ. ಅವಳು ಬಾಯಿ ಬಿಡುವ ಮೊದಲೇ ತಾಯಿ ಶುರು ಮಾಡಿದರು: "ಬಾಣಾಮತಿ ಮಾಡ್ಯಾರ್ರೀ ಮೇಡಂ. ಬಾಜೂ ಮನಿ ಮುದುಕಿ ಎದಿ ಮ್ಯಾಲ ಬಂದು ಕುಂದರ್ತಾಳ."

ಹುಡುಗಿ ಹೇಳಿದ್ದು ಇಷ್ಟು. ಕಣ್ಣು ತೆರೆದಿರುತ್ತದೆ, ಫ್ಯಾನ್ ತಿರುಗುವುದೂ ಕಾಣುತ್ತದೆ. ಕೈಕಾಲು ಮಾತ್ರ ಅಲ್ಲಾಡುವುದಿಲ್ಲ. ಕೂಗೋಣ ಅಂದ್ರೆ ದನಿ ಬರುವುದಿಲ್ಲ. ಎದೆ ಮೇಲೆ ಭಾರ, ಮೂಲೆಯಲ್ಲಿ ಯಾರೋ ನಿಂತ ಹಾಗೆ. ಮೊದಮೊದಲು ಅದಕ್ಕೆ ಮುಖ ಇರಲಿಲ್ಲ. ಮುದುಕಿಯ ಮುಖ ಬಂದದ್ದು ಅವ್ವ ಆ ಹೆಸರು ಎತ್ತಿದ ಮೇಲೆ.

"ಆಕಿ ಜೊತೆ ಜಗಳ ಏನಾದ್ರೂ ಆಗಿತ್ತಾ?" ಕೇಳಿದೆ. ಆಗಿತ್ತು. ನಲ್ಲಿ ನೀರಿನ ಪಾಳಿಗೆ.

ಅವರಿಗೆ ಅಮೆರಿಕದ ಸೇಲಂನ ಒಂದು ಸಾಕ್ಷಿ ಹೇಳಿದೆ. 1692ರಲ್ಲಿ ಅಲ್ಲಿ ಮಾಟದ ಆರೋಪದ ಮೇಲೆ 19 ಜನರನ್ನು ನೇಣಿಗೆ ಹಾಕಿದರು. ಮೊದಲು ನೇಣಿಗೇರಿದವಳು ಬ್ರಿಜೆಟ್ ಬಿಷಪ್. ಅವಳ ವಿರುದ್ಧ ಜಾನ್ ಲೌಡರ್ ನುಡಿದದ್ದು: ನಡುರಾತ್ರಿ ಎದೆ ಮೇಲೆ ಭಾರ, ಎಚ್ಚರಾಗಿ ನೋಡಿದರೆ ಬೆಳದಿಂಗಳಲ್ಲಿ ಅವಳು ಹೊಟ್ಟೆ ಮೇಲೆ ಕೂತಿದ್ದಾಳೆ, ತಡೆಯಲು ಕೈಯಲ್ಲಿ ಬಲವೇ ಇಲ್ಲ. ಇಬ್ಬರ ಜಗಳ ಏನು ಗೊತ್ತಾ? ಅವಳ ಕೋಳಿಗಳು ಇವನಿದ್ದ ಮನೆಯ ತೋಟಕ್ಕೆ ಬರುತ್ತಿದ್ದವು.

ತಾಯಿ ಸೆರಗಿನ ತುದಿ ತಿರುವುತ್ತಾ ಸುಮ್ಮನಾದರು.

ಇದನ್ನು ಸ್ಲೀಪ್ ಪೆರಾಲಿಸಿಸ್ ಅನ್ನುತ್ತಾರೆ. ಕನಸು ಬೀಳುವ ನಿದ್ದೆಯಲ್ಲಿ ಮೆದುಳು ಸ್ನಾಯುಗಳನ್ನು ತಡೆದಿಟ್ಟಿರುತ್ತದೆ. ಕನಸಿನಲ್ಲಿ ಓಡಿದರೆ ನಿಜಕ್ಕೂ ಎದ್ದು ಓಡಬಾರದಲ್ವಾ? ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ಮೈ ಆಮೇಲೆ ಏಳುತ್ತದೆ. ಅಷ್ಟರಲ್ಲಿ ಕನಸು ಕೋಣೆಯೊಳಗೇ ಕಾಣುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಇದು ಜಾಸ್ತಿ.

"ಅಲ್ಲಿಯವರು ವಿಷದ ರೊಟ್ಟಿ ತಿಂದಿದ್ರಂತಲ್ಲ ಮೇಡಂ?" ಹುಡುಗಿ ಮೊಬೈಲಿನಲ್ಲಿ ಓದಿದ್ದಳು. ಹೌದು, ರೈ ಧಾನ್ಯಕ್ಕೆ ಹತ್ತುವ ಎರ್ಗಾಟ್ ಶಿಲೀಂಧ್ರದಿಂದ ಸೆಳೆತ, ಭ್ರಮೆ ಬಂದಿರಬಹುದು ಅಂತ 1976ರಲ್ಲಿ ಲಿಂಡಾ ಕ್ಯಾಪೊರೇಲ್ ಬರೆದರು. ನನಗದು ಒಪ್ಪಿಗೆಯಿಲ್ಲ. ಸೇಲಂನಲ್ಲಿ ತಮಗೆ ಮಾಟ ತಗಲಿದೆ ಅಂತ ದೂರಿದ ಹುಡುಗಿಯರ ಸೆಳೆತ ಆರೋಪಿ ನೋಡಿದರೆ ಬರುತ್ತಿತ್ತು, ಮುಟ್ಟಿದರೆ ನಿಲ್ಲುತ್ತಿತ್ತು. ವಿಷ ಹಾಗೆ ಮಾಡುವುದಿಲ್ಲ. ಇನ್ನು ಲೌಡರನಿಗೆ ಸ್ಲೀಪ್ ಪೆರಾಲಿಸಿಸ್ ಕೊಟ್ಟಿರಬಹುದಾದದ್ದು ಎದೆ ಮೇಲಿನ ಭಾರ ಮಾತ್ರ, ಬ್ರಿಜೆಟ್‌ಳ ಮುಖವನ್ನಲ್ಲ. ಬ್ರಿಜೆಟ್ ಮಾಟಗಾತಿ ಅನ್ನುವ ಮಾತು 1692ರ ವಿಚಾರಣೆಗೂ ಹತ್ತು ವರ್ಷಕ್ಕಿಂತ ಮೊದಲೇ ಊರಲ್ಲಿ ಓಡಾಡುತ್ತಿತ್ತು.

ಮಗಳಿಗೆ ಹೇಳಿದೆ: ಮಗ್ಗುಲಾಗಿ ಮಲಗು. ಯಾವ ಪಾಳಿ ಇದ್ದರೂ ಏಳು ಗಂಟೆ ನಿದ್ದೆ ಬೇಕು. ಮೈ ಕಟ್ಟಿದಾಗ ಒದ್ದಾಡಬೇಡ, ಉಸಿರು ನಿಧಾನ ಮಾಡಿ ಕಿರುಬೆರಳು ಅಲ್ಲಾಡಿಸಲು ನೋಡು. ಹಗಲು ತಡೆಯಲಾರದ ನಿದ್ದೆ, ನಕ್ಕಾಗ ಮಂಡಿ ಕುಸಿಯುವುದು ಇದ್ದರೆ ನರರೋಗ ತಜ್ಞರನ್ನು ನೋಡಲೇಬೇಕು.

ತಾಯಿಗೆ ಹೇಳಿದ್ದು ಒಂದೇ. ಆ ಮುದುಕಿಯ ಹೆಸರು ಇನ್ನು ಓಣಿಯಲ್ಲಿ ಯಾರ ಮುಂದೆಯೂ ಎತ್ತಬೇಡಿ. ಇಂಥ ಮಾತಿನಿಂದ ಹೊಡೆತ ತಿಂದವರು ನಮ್ಮ ಕಡೆಯೂ ಇದ್ದಾರೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಆರು ವಾರಕ್ಕೆ ಮತ್ತೆ ಬಂದರು. ಎರಡು ಸಲ ಆಗಿತ್ತಂತೆ. ಒಂದು ಸಲ ಬೆರಳು ಅಲ್ಲಾಡಿತು. "ಮುಖ ಇರಲಿಲ್ರೀ" ಅಂದಳು. ತಾಯಿ ಇನ್ನೂ ಮುದುಕಿಯನ್ನು ಮಾತಾಡಿಸಿಲ್ಲ. ನೀರಿನ ಪಾಳಿಯೂ ಬಗೆಹರಿದಿಲ್ಲ.