ಬೆಂಗಳೂರಿನಲ್ಲಿ ಮನೆಯಲ್ಲೇ ಆರ್‌ಸಿ ರಾಕ್ ಕ್ರಾಲರ್ (ರಿಮೋಟಿನಲ್ಲಿ ಓಡೋ, ಬಂಡೆ ಹತ್ತೋ ಪುಟ್ಟ ಗಾಡಿ) ಕಟ್ಟಬೇಕು ಅಂದರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಾಡಿಕೊಳ್ಳಬೇಕು?

ನಿಮ್ಮ ಬಜೆಟ್ಟು 25 ಸಾವಿರ, ಮಾದರಿ ಹೊಸ ಥಾರ್, ಏಳನೇ ಕ್ಲಾಸಿನ ಮಗಳ ಜೊತೆ ಕೂತು ಕಟ್ಟಬೇಕು ಅಂತ ಬರೆದಿದ್ದೀರಿ. ಜೊತೆಗೆ "ಎಷ್ಟು ಪವರ್‌ಫುಲ್ ಮೋಟರ್ ಹಾಕಲಿ" ಅಂತಲೂ ಕೇಳಿದ್ದೀರಿ. ಈ ಕೊನೆಯ ಪ್ರಶ್ನೆಯನ್ನು ಮೊದಲು ತಲೆಯಿಂದ ತೆಗೆದುಹಾಕಿ. ಬಂಡೆ ಹತ್ತೋ ಗಾಡಿಗೆ ಪವರ್ ಸಮಸ್ಯೆಯೇ ಅಲ್ಲ. ಸಾಧಾರಣ ಬ್ರಷ್ ಮೋಟರಿಗೂ ಸರಿಯಾದ ಗೇರ್ ಕೊಟ್ಟರೆ ತನ್ನ ಗಾಡಿಯನ್ನೇ ಹಿಂದಕ್ಕೆ ಮಗುಚಿ ಹಾಕುವಷ್ಟು ಬಲ ಬರುತ್ತೆ. ಹತ್ತುತ್ತೋ ಉರುಳುತ್ತೋ ಅಂತ ತೀರ್ಮಾನ ಮಾಡೋದು ಗಾಡಿಯ ತೂಕ ಎಲ್ಲಿ ಕೂತಿದೆ ಅನ್ನೋದು. ಅದನ್ನು ಮನಸ್ಸಲ್ಲಿಟ್ಟುಕೊಂಡರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬಾರದು ಅನ್ನೋದೂ ತಾನಾಗೇ ಗೊತ್ತಾಗುತ್ತೆ.

ನಾನು ಪೀಣ್ಯದಲ್ಲಿ ಟೂಲ್ ರೂಮ್ ಕೆಲಸದವನು. ಎಲ್ಲವನ್ನೂ ಲೇತಿಗೆ ಕಟ್ಟಿ ತಿರುವಿಬಿಡೋಣ ಅನ್ನೋ ಚಪಲ ನಿಮಗಿಂತ ನನಗೇ ಜಾಸ್ತಿ. ಆದರೂ ಆಕ್ಸಲ್, ಗೇರ್‌ಬಾಕ್ಸ್, ಟೈರ್ ಈ ಮೂರನ್ನು ಕೊಂಡುಬಿಡಿ ಅಂತಲೇ ಹೇಳ್ತೀನಿ. ಆಕ್ಸಲ್ ಒಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳು ಕೂರುವ ಅಂತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಹಲ್ಲು ತಿಂದುಹೋಗುತ್ತೆ. ಮೆತ್ತನೆಯ ರಬ್ಬರಿನ ಟೈರನ್ನಂತೂ ಮನೆಯಲ್ಲಿ ಎರಕ ಹೊಯ್ಯೋಕೆ ಆಗಲ್ಲ. ನಿಮ್ಮ ದುಡ್ಡಿನಲ್ಲಿ ಅರ್ಧದಷ್ಟು ಈ ಮೂರಕ್ಕೇ ಹೋಗಲಿ. ಚಾಸಿ, ಆಕ್ಸಲನ್ನು ಚಾಸಿಗೆ ಹಿಡಿಯೋ ಲಿಂಕು, ಬಾಡಿ, ಸರ್ವೋ (ಸ್ಟೀರಿಂಗ್ ತಿರುಗಿಸೋ ಪುಟ್ಟ ಮೋಟರು) ಕೂರೋ ಪ್ಲೇಟು, ಬ್ಯಾಟರಿ ಟ್ರೇ ಇವೆಲ್ಲ ನೀವೇ ಮಾಡಿಕೊಳ್ಳುವಂಥವು. ಕೊಳ್ಳುವಾಗ ಆಕ್ಸಿಯಲ್ ಕಂಪನಿಯ 1:10 ಅಳತೆಯ ಕ್ರಾಲರ್ ಎಸ್‌ಸಿಎಕ್ಸ್10 ಇದೆಯಲ್ಲ, ಅದರ ಅಳತೆಗೆ ಹೊಂದುವ ಭಾಗಗಳನ್ನೇ ನೋಡಿ. ಆ ಅಳತೆಗೆ ಹತ್ತಾರು ಕಂಪನಿಗಳು ಭಾಗ ಮಾಡ್ತವೆ, ನಾಳೆ ಒಂದು ಗೇರ್ ಮುರಿದರೆ ಇಡೀ ಆಕ್ಸಲ್ ಬದಲಿಸಬೇಕಾಗಿಲ್ಲ.

ಹೊರಗಿನಿಂದ ರೆಡಿ ಗಾಡಿ ತರಿಸಿದರೆ ಹೇಗೆ ಅಂತ ಒಂದು ಸಾಲಲ್ಲಿ ಕೇಳಿದ್ದೀರಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಅದರ ಮೇಲೆ ವೈರ್‌ಲೆಸ್ ಸಾಧನ ಅಂತ ಕಸ್ಟಮ್ಸ್‌ನಲ್ಲಿ ಬೇರೆ ಕಾಗದ ಕೇಳಬಹುದು. 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಬಳಸೋಕೆ ನಮ್ಮಲ್ಲಿ 2005ರಿಂದ ಲೈಸೆನ್ಸ್ ಬೇಡ, ಆದರೆ ಸಾಧನವನ್ನು ಆಮದು ಮಾಡೋಕೆ ಅನುಮತಿ ಬೇಕು. ರೇಡಿಯೋ ಸೆಟ್ಟನ್ನಂತೂ ಇಲ್ಲೇ ಮಾರುವವರ ಹತ್ತಿರವೇ ತಗೊಳ್ಳಿ. ಫ್ಲೈಸ್ಕೈ ಎಫ್‌ಎಸ್-ಐ6 ಡ್ರೋನ್ ಹುಡುಗರ ಕೈಯಲ್ಲಿ ಸೆಕೆಂಡ್‌ಹ್ಯಾಂಡೂ ಸಿಗುತ್ತೆ. ಪಿಸ್ತೂಲಿನ ಆಕಾರದ ರಿಮೋಟ್ ಕೈಗೆ ಹಿತ ನಿಜ, ಮೊದಲ ಗಾಡಿಗೆ ಅದು ಅಗತ್ಯ ಅಲ್ಲ.

ಈಗ ಮೋಟರಿಗೆ ಬರೋಣ. 540 ಅನ್ನೋದು ಸೈಜಿನ ಹೆಸರು: 36 ಮಿ.ಮೀ. ವ್ಯಾಸ, ಸುಮಾರು 50 ಮಿ.ಮೀ. ಉದ್ದ. ಅದರ ಪಕ್ಕದಲ್ಲಿ 35ಟಿ, 45ಟಿ, 55ಟಿ ಅಂತ ಬರೆದಿರ್ತಾರಲ್ಲ, ಅದು ಒಳಗಿನ ತಂತಿಯ ಸುತ್ತು. ಸುತ್ತು ಹೆಚ್ಚಾದಷ್ಟೂ ವೇಗ ಕಡಿಮೆ, ನಿಧಾನದಲ್ಲಿ ಹಿಡಿತ ಜಾಸ್ತಿ. ಒಂದು ಲೆಕ್ಕ ಹಾಕಿ ನೋಡಿ. ಮೋಟರ್ ನಿಮಿಷಕ್ಕೆ 12,000 ಸುತ್ತು ತಿರುಗುತ್ತೆ, ಗೇರ್‌ಬಾಕ್ಸು ಆಕ್ಸಲ್ಲು ಎಲ್ಲ ಸೇರಿ 40ಕ್ಕೆ 1 ಇಳಿಸುತ್ತೆ ಅಂದುಕೊಳ್ಳಿ. ಚಕ್ರಕ್ಕೆ 300 ಸುತ್ತು ಸಿಕ್ಕಿತು. 110 ಮಿ.ಮೀ. ಟೈರಿನ ಸುತ್ತಳತೆ ಸುಮಾರು 345 ಮಿ.ಮೀ., ಅಂದರೆ ನಿಮಿಷಕ್ಕೆ ನೂರು ಮೀಟರ್ ಚಿಲ್ಲರೆ, ಗಂಟೆಗೆ 6 ಕಿ.ಮೀ. ಮನುಷ್ಯ ಬಿರುಸಾಗಿ ನಡೆಯೋ ವೇಗ. ಇದಕ್ಕಿಂತ ಜೋರಾಗಿ ಹೋಗೋ ಕ್ರಾಲರ್ ಬೇಕು ಅನ್ನಿಸಿದರೆ ನಿಮಗೆ ಬೇಕಾಗಿರೋದು ಕ್ರಾಲರ್ ಅಲ್ಲ, ಬಗ್ಗಿ ಅನ್ನೋ ವೇಗದ ಆರ್‌ಸಿ ಗಾಡಿ. 35ಟಿ ಹಾಕಿ, 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) ಕೊಡಿ, ಸಾಕು. ಎಸ್‌ಪಿ ರೋಡಿನಲ್ಲಿ ಸಿಗೋ ಜಾನ್ಸನ್ ಗೇರ್ ಮೋಟರಲ್ಲಿ ಆಗುತ್ತಾ ಅಂದರೆ, ಓಡುತ್ತೆ. ಆದರೆ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿಕೊಂಡಾಗ ಒಳಗಿನ ಪುಟ್ಟ ಗೇರಿಗೇ ಎಲ್ಲ ಹೊಡೆತ ಬೀಳುತ್ತೆ. ಕಾಲೇಜ್ ಪ್ರಾಜೆಕ್ಟಿಗೆ ಸರಿ, ಬಂಡೆಗೆ ಬೇಡ.

ಮೋಟರಿನ ವೇಗವನ್ನು ಹತೋಟಿಯಲ್ಲಿಡೋ ಸರ್ಕ್ಯೂಟು, ಅಂದರೆ ಇಎಸ್‌ಸಿಯಲ್ಲಿ ನೋಡಬೇಕಾದ್ದು ಡ್ರ್ಯಾಗ್ ಬ್ರೇಕ್. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟ ತಕ್ಷಣ ಗಾಡಿ ಅಲ್ಲೇ ನಿಲ್ಲಬೇಕು, ಜಾರಿಕೊಂಡು ಹೋಗಬಾರದು. ಹಾಬಿವಿಂಗ್‌ನ 1060ರಲ್ಲಿ ಎರಡು ಜಂಪರ್ ಇರ್ತವೆ, ಒಂದು ಬ್ಯಾಟರಿ ಯಾವುದು ಅಂತ ಹೇಳೋಕೆ, ಇನ್ನೊಂದು ಓಡೋ ರೀತಿಗೆ. ಎರಡನೇದನ್ನು ಕ್ರಾಲರಿಗೆ ಹೇಳಿದ ಜಾಗದಲ್ಲಿಡಿ, ಮೊದಲನೇದನ್ನು ಮರೆಯದೆ ಲಿಪೋಗೆ ಹಾಕಿ. ಇಲ್ಲದಿದ್ದರೆ ಬ್ಯಾಟರಿ ಹಾಳಾಗುವಷ್ಟು ಬರಿದಾಗುವ ತನಕ ಅದು ಎಳೀತಾನೇ ಇರುತ್ತೆ. 1080 ತಗೊಂಡರೆ ಬ್ರೇಕಿನ ಬಿಗಿಯನ್ನೂ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಸರ್ವೋಗೆ ಜಿಪುಣತನ ಬೇಡ. ಎರಡು ಕಲ್ಲಿನ ನಡುವೆ ಸಿಕ್ಕ ಮುಂದಿನ ಚಕ್ರಗಳನ್ನು ತಿರುಗಿಸೋದು ಅದೊಂದೇ. ಮೆಟಲ್ ಗೇರಿನ 20ರಿಂದ 25 ಕೆ.ಜಿ. ಟಾರ್ಕಿನದು ಹಾಕಿ. ಇದರಲ್ಲೊಂದು ತೊಡಕಿದೆ, ಎಲ್ಲರಿಗೂ ಎದುರಾಗುತ್ತೆ. ಅಷ್ಟು ದೊಡ್ಡ ಸರ್ವೋ ಒತ್ತಡದಲ್ಲಿ ಸಿಕ್ಕಿಕೊಂಡಾಗ ಎಳೆಯೋ ಕರೆಂಟು ಇಎಸ್‌ಸಿ ಒಳಗಿರೋ ಚಿಕ್ಕ ಬಿಇಸಿಯ (ರಿಸೀವರು, ಸರ್ವೋಗೆ ಬೇಕಾದ ಕಡಿಮೆ ವೋಲ್ಟೇಜು ಕೊಡೋ ಭಾಗ) ಕೈಲಿ ಆಗೋದಿಲ್ಲ. ವೋಲ್ಟೇಜು ಕುಸಿದು ರಿಸೀವರ್ ಒಂದು ಕ್ಷಣ ಆಫ್ ಆಗುತ್ತೆ, ಗಾಡಿ ಸತ್ತಹಾಗೆ ನಿಲ್ಲುತ್ತೆ, ನೀವು ರೇಡಿಯೋ ಕೆಟ್ಟಿದೆ ಅಂತ ಅಂಗಡಿಗೆ ಓಡ್ತೀರಿ. ಬೇರೆ ಬಿಇಸಿ ಒಂದನ್ನು ಬ್ಯಾಟರಿಯಿಂದ ನೇರವಾಗಿ ತಗೊಂಡು, 6 ವೋಲ್ಟಿಗೆ ಇಟ್ಟು, ಸರ್ವೋಗೆ ಕೊಡಿ. ಎರಡು ಬಿಇಸಿಗಳ ಕೆಂಪು ತಂತಿ ಒಂದಕ್ಕೊಂದು ಸೇರದ ಹಾಗೆ ನೋಡಿಕೊಳ್ಳಿ. ಗ್ರೌಂಡ್, ಅಂದರೆ ನೆಗೆಟಿವ್ ತಂತಿ ಮಾತ್ರ ಎಲ್ಲಕ್ಕೂ ಒಂದೇ ಇರಲಿ.

ಚಾಸಿಗೆ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ ಎರಡು ಸಾಕು. ಲೇಸರ್ ಕಟಿಂಗ್ ಮಾಡಿಸಲೇಬೇಕು ಅಂತಿಲ್ಲ, ಹ್ಯಾಕ್ಸಾ, ಅರ, ಕೈ ಡ್ರಿಲ್ಲಿನಲ್ಲೇ ಆಗುತ್ತೆ. ಎರಡೂ ಪಟ್ಟಿಗಳನ್ನು ಜೋಡಿಸಿ ವೈಸಿಗೆ ಕಟ್ಟಿ ಒಟ್ಟಿಗೇ ತೂತು ಹಾಕಿ, ಆಗ ಎಡ ಬಲ ತಾಳೆಯಾಗುತ್ತೆ. ಲಿಂಕುಗಳಿಗೆ ಸುಲಭದ ದಾರಿ: 6 ಮಿ.ಮೀ. ಅಲ್ಯೂಮಿನಿಯಂ ರಾಡು ತಂದು ಎರಡೂ ತುದಿಗೆ 2.5 ಮಿ.ಮೀ. ತೂತು ಕೊರೆದು ಎಂ3 ಟ್ಯಾಪ್ ಹೊಡೆಯೋದು, ಅಂದರೆ 3 ಮಿ.ಮೀ. ಸ್ಕ್ರೂ ಕೂರೋ ಥ್ರೆಡ್ ಕೊರೆಯೋದು. ಟ್ಯಾಪಿಗೆ ಎಣ್ಣೆ ಬಿಡಿ, ಅರ್ಧ ಸುತ್ತು ಮುಂದೆ ಹೋದರೆ ಕಾಲು ಸುತ್ತು ಹಿಂದೆ ಬನ್ನಿ. ಒಳಗೆ ಟ್ಯಾಪ್ ಮುರಿದುಕೊಂಡರೆ ಆ ರಾಡ್ ಎಸೀಬೇಕು ಅಷ್ಟೇ. ಕೆಳಗಿನ ಎರಡು ಲಿಂಕು ಉದ್ದಕ್ಕೆ ಹೋಗಲಿ, ಹಿಂದಿನ ಆಕ್ಸಲ್‌ನ ಮೇಲಿನ ಎರಡು ಲಿಂಕು ವಿ ಆಕಾರದಲ್ಲಿ ಬರಲಿ. ಆ ವಿ ಇಲ್ಲದಿದ್ದರೆ ಆಕ್ಸಲ್ ಅಡ್ಡಡ್ಡ ಓಲಾಡುತ್ತೆ. ಮುಂದೆ ಸರ್ವೋವನ್ನು ಚಾಸಿ ಮೇಲೆ ಕೂರಿಸಿದರೆ ಆಕ್ಸಲ್ ಅಡ್ಡಕ್ಕೆ ಸರಿಯದ ಹಾಗೆ ಹಿಡಿಯೋ ಪ್ಯಾನ್‌ಹಾರ್ಡ್ ರಾಡೂ ಬೇಕು, ಅದು ಸ್ಟೀರಿಂಗ್ ಲಿಂಕಿಗೆ ಸಮಾನಾಂತರವಾಗಿರಲಿ. ಆಕ್ಸಲ್ ಮೇಲೇ ಸರ್ವೋ ಕೂರಿಸಿ, ಮುಂದೂ ಮೇಲಿನ ಲಿಂಕುಗಳನ್ನು ವಿ ಆಕಾರಕ್ಕೆ ತಂದರೆ ಆ ತಾಪತ್ರಯ ಇಲ್ಲ, ತೂಕವೂ ಕೆಳಗೆ ಬರುತ್ತೆ. ನೋಡೋಕೆ ಅಷ್ಟು ಚೆನ್ನಾಗಿರಲ್ಲ. ನಾನಂತೂ ಆಕ್ಸಲ್ ಮೇಲೇ ಕೂರಿಸ್ತೀನಿ.

3ಡಿ ಪ್ರಿಂಟ್ ಮಾಡಿಸೋದಾದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ. 60 ಡಿಗ್ರಿ ಹತ್ತಿರ ಅದು ಮೆತ್ತಗಾಗುತ್ತೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗೆ ಬಿಟ್ಟರೆ ಬಗ್ಗಿಹೋಗುತ್ತೆ, ಮೋಟರ್ ಮೌಂಟಿಗಂತೂ ಕೇಳಲೇಬೇಡಿ. ಪಿಇಟಿಜಿ ಹೇಳಿ.

ಇನ್ನು ತೂಕ. ಎಡ ಚಕ್ರದ ಮಧ್ಯದಿಂದ ಬಲ ಚಕ್ರದ ಮಧ್ಯಕ್ಕೆ 180 ಮಿ.ಮೀ. ಇದೆ ಅಂತಿಟ್ಟುಕೊಳ್ಳಿ, ಅರ್ಧ 90. ಗಾಡಿಯ ತೂಕದ ಕೇಂದ್ರ ನೆಲದಿಂದ 110 ಮಿ.ಮೀ. ಎತ್ತರದಲ್ಲಿದ್ದರೆ ಪಕ್ಕಕ್ಕೆ 39 ಡಿಗ್ರಿ ವಾಲಿದ ಮೇಲೆ ಅದು ಉರುಳುತ್ತೆ. ಅದೇ ಕೇಂದ್ರವನ್ನು 90ಕ್ಕೆ ಇಳಿಸಿದರೆ 45 ಡಿಗ್ರಿ, 70ಕ್ಕೆ ಇಳಿಸಿದರೆ 52. ಯಾವ ಮೋಟರ್ ಬದಲಿಸಿದರೂ ಈ 13 ಡಿಗ್ರಿ ಸಿಗೋದಿಲ್ಲ. ಸಸ್ಪೆನ್ಷನ್ ಬಾಗೋದರಿಂದ ನಿಜವಾದ ಬಂಡೆ ಮೇಲೆ ಇವೆಲ್ಲ ಇನ್ನಷ್ಟು ಕಡಿಮೆಯೇ ಆಗ್ತವೆ, ಆದರೆ ಲೆಕ್ಕದ ದಿಕ್ಕು ಅದೇ.

ಹಾಗಾಗಿ ಮೇಲೆ ಹಗುರ, ಕೆಳಗೆ ಭಾರ. ಜೆಸಿ ರೋಡಿನಲ್ಲೋ ನಿಮ್ಮ ಬಡಾವಣೆಯ ಟೈರ್ ಅಂಗಡಿಯಲ್ಲೋ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸೋ ತೂಕದ ಪಟ್ಟಿ ಕೇಳಿ, 5, 10 ಗ್ರಾಮಿನ ತುಂಡುಗಳಾಗಿ ಬರ್ತವೆ. ಅದನ್ನು ಮುಂದಿನ ಚಕ್ರಗಳ ರಿಮ್ಮಿನ ಒಳಸುತ್ತಿಗೆ ಅಂಟಿಸಿ, ಹಿಂದಿನದಕ್ಕೆ ಕಡಿಮೆ ಅಥವಾ ಇಲ್ಲವೇ ಇಲ್ಲ. ಹಾಬಿ ಅಂಗಡಿಯ ಹಿತ್ತಾಳೆ ಭಾಗಗಳಿಗೆ ಕೊಡೋ ದುಡ್ಡಿನ ಮುಂದೆ ಇದು ಪುಕ್ಕಟೆ ಇದ್ದಹಾಗೆ. ಬ್ಯಾಟರಿಯನ್ನು ಚಾಸಿಯ ಮುಂಭಾಗದಲ್ಲಿ ಎಷ್ಟು ಕೆಳಗೆ ಆಗುತ್ತೋ ಅಷ್ಟು ಕೆಳಗೆ ಇಡಿ. ಅಳೆಯೋಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು: ಮುಂದಿನ ಎರಡು ಚಕ್ರ ತಕ್ಕಡಿ ಮೇಲೆ, ಹಿಂದಿನ ಎರಡು ಅದೇ ಎತ್ತರದ ಪುಸ್ತಕಗಳ ಮೇಲೆ. ಒಟ್ಟು ತೂಕದಲ್ಲಿ ಶೇ. 55ರಿಂದ 60 ಮುಂದೆ ಬಂದರೆ ಸರಿ. ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಗಾಳಿಗೆ ಏಳೋದು ಕಮ್ಮಿಯಾಗುತ್ತೆ.

ಥಾರ್ ಬಾಡಿಗೆ ತಗಡು ಬಡಿಸೋ ಆಸೆ ಇದ್ದರೆ ಅದನ್ನು ಶೋಕೇಸಿಗೆ ಮಾಡಿ. ಓಡೋ ಗಾಡಿಗೆ ಸನ್‌ಬೋರ್ಡ್ ಅಥವಾ ತೆಳು ಎಬಿಎಸ್ ಶೀಟ್. ಅಳತೆಯ ಒಂದು ವಿಷಯ ಮೊದಲೇ ಗೊತ್ತಿರಲಿ. ಹೊಸ ಮೂರು ಬಾಗಿಲಿನ ಥಾರ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರದ ಮಧ್ಯಗಳ ಅಂತರ) 2,450 ಮಿ.ಮೀ., 1:10ಕ್ಕೆ 245. ಎಸ್‌ಸಿಎಕ್ಸ್10 ಮಾದರಿಯ ಚಾಸಿಗಳೋ 313ರ ಆಸುಪಾಸು. ಟೈರಿನ ಲೆಕ್ಕ ಇನ್ನೂ ವಿಚಿತ್ರ: 255/65 ಆರ್18 ಟೈರಿನ ಎತ್ತರ ಸುಮಾರು 790 ಮಿ.ಮೀ., ಹತ್ತರಲ್ಲೊಂದು ಅಂದರೆ 79. ಬಂಡೆಗೆ ಹಾಕೋ 1.9 ಇಂಚಿನ ರಿಮ್ಮಿನ ಟೈರು 110ರಷ್ಟು ಇರುತ್ತೆ. ಹಾಗಾಗಿ ತದ್ರೂಪು ಥಾರ್ ಬಂಡೆ ಹತ್ತೋದು ಕಷ್ಟ, ಬಂಡೆ ಹತ್ತೋ ಥಾರ್ ತದ್ರೂಪಾಗಿರಲ್ಲ. ವೀಲ್‌ಬೇಸನ್ನು 270ರ ಹತ್ತಿರ ಹಿಗ್ಗಿಸಿ, 100 ಮಿ.ಮೀ. ಟೈರ್ ಹಾಕಿ, ಫೆಂಡರನ್ನು ಸ್ವಲ್ಪ ಕತ್ತರಿಸಿ. ಮುಂದಿನ ಗ್ರಿಲ್ಲು, ದುಂಡು ಹೆಡ್‌ಲೈಟು, ಹಿಂದಿನ ಸ್ಟೆಪ್ನಿ ಸರಿಯಾಗಿ ಬಂದರೆ ನೋಡಿದವರು ಥಾರ್ ಅಂತಲೇ ಅಂತಾರೆ. ಸ್ಟೆಪ್ನಿಗೆ ನಿಜವಾದ ಟೈರ್ ಹಾಕಬೇಡಿ, ಹಿಂದೆ ಮೇಲೆ ಭಾರ ಆಗುತ್ತೆ. ಥರ್ಮೋಕೋಲಿನದು ಸಾಕು.

ಓಡಿಸೋ ಜಾಗದ ಬಗ್ಗೆ. ತುರಹಳ್ಳಿ ಬಂಡೆ ನೋಡಿದರೆ ಕೈ ತುರಿಸುತ್ತೆ, ಆದರೆ ಅದು ಅರಣ್ಯ ಇಲಾಖೆಯ ಕಾಡು. ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಾಕಿಂಗ್ ಮಾಡೋರ ಕಾಲಿಗೆ ಗಾಡಿ ಸಿಕ್ಕಿದರೆ ಬೈಗುಳ ಬೇರೆ. ಮನೆ ಕಟ್ಟುವವರ ಹತ್ತಿರ ಪಾಯದಲ್ಲಿ ಉಳಿದ ಸೈಜುಗಲ್ಲು ಹತ್ತು ಹದಿನೈದು ಕೇಳಿಕೊಂಡು ಬಂದು ಟೆರೇಸಿನಲ್ಲೋ ಹಿತ್ತಿಲಲ್ಲೋ ಜೋಡಿಸಿ. ವಾರಕ್ಕೊಮ್ಮೆ ಜೋಡಣೆ ಬದಲಿಸಿದರೆ ಹೊಸ ಬೆಟ್ಟ. ಗ್ರಾನೈಟಿನ ಒರಟು ಮುಖಕ್ಕೆ ಮೆತ್ತನೆ ಟೈರ್ ಚೆನ್ನಾಗಿ ಅಂಟುತ್ತೆ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಮಾತ್ರ ಯಾವ ಟೈರೂ ನಿಲ್ಲಲ್ಲ, ಒಂದು ಸಲ ಬ್ರಷ್ ಹಾಕಿ ಉಜ್ಜಿ.

ಮಗಳಿಗೆ ಯಾವ ಕೆಲಸ ಕೊಡಲಿ ಅಂತ ಕೇಳಿದ್ದೀರಿ. ಬೆಳಕು ತೋರಿಸು, ಸ್ಕ್ರೂ ಕೊಡು ಅಂತ ಕೂರಿಸಬೇಡಿ, ಎರಡು ದಿನಕ್ಕೆ ಎದ್ದು ಹೋಗ್ತಾಳೆ. ತಕ್ಕಡಿಯ ಲೆಕ್ಕ, ಗೇರಿನ ಲೆಕ್ಕ ಪೂರ್ತಿ ಅವಳಿಗೆ ಬಿಡಿ, ಏಳನೇ ಕ್ಲಾಸಿನ ಅನುಪಾತದ ಪಾಠ ಅಷ್ಟೇ ಅದು. ಟೈರ್ ಜೋಡಿಸೋದು, ಟೈರಿನ ಅಂಚನ್ನು ಬಿಗಿಹಿಡಿಯೋ ಬೀಡ್‌ಲಾಕ್ ರಿಮ್ಮಿನ ಸ್ಕ್ರೂ ಬಿಗಿಯೋದು, ಬಾಡಿ ಕತ್ತರಿಸಿ ಬಣ್ಣ ಹೊಡೆಯೋದು ಅವಳದೇ ಆಗಲಿ. ಲೋಹಕ್ಕೆ ಲೋಹ ಸೇರೋ ಸ್ಕ್ರೂಗಳಿಗೆ ನೀಲಿ ಲಾಕ್‌ಟೈಟ್ ಒಂದು ಹನಿ ಹಾಕೋದನ್ನೂ ಹೇಳಿಕೊಡಿ, ಪ್ಲಾಸ್ಟಿಕ್ಕಿಗೆ ತಾಗಿಸಬಾರದು, ಬಿರುಕು ಬಿಡುತ್ತೆ. ಸೋಲ್ಡರಿಂಗ್ ನೀವು ಪಕ್ಕದಲ್ಲಿ ಕೂತು ಕಲಿಸಬಹುದು. ಲಿಪೋ ಚಾರ್ಜಿಂಗ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ: ಬ್ಯಾಲೆನ್ಸ್ ಚಾರ್ಜರಿನಲ್ಲೇ, ಕಡಪ ಕಲ್ಲಿನ ಮೇಲಿಟ್ಟು, ಮನೆಯಲ್ಲಿ ಯಾರಾದರೂ ಎಚ್ಚರ ಇರುವಾಗ. ಒಂದು ಸೆಲ್ 4.2 ವೋಲ್ಟ್ ದಾಟಬಾರದು, ವಾರಗಟ್ಟಲೆ ಓಡಿಸೋದಿಲ್ಲ ಅಂದರೆ 3.8ಕ್ಕೆ ತಂದಿಡಿ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.